ಸಿಕ್ಕಬಾರದ್ದನ್ನು ಹುಡುಕುವ ಕೆಲಸ

ಹದಿನೈದು ವರ್ಷ ನಾನು ಮಾಡಿದ ಕೆಲಸ ಏನೆಂದು ಹೆತ್ತವಳಿಗೆ ಅರ್ಥ ಮಾಡಿಸಲು ನನ್ನಿಂದ ಆಗಲಿಲ್ಲ. ನೌಕಾಪಡೆಯಲ್ಲಿ ಎಂಥೆಂಥ ಅಧಿಕಾರಿಗಳ ಎದುರು ನೆಟ್ಟಗೆ ನಿಂತು ವರದಿ ಒಪ್ಪಿಸಿದವನು ನಾನು. ನಾವುಂದದ ಕಡಲ ದಂಡೆಯಲ್ಲಿ ಕೂತು ಮೀನು ಮಾರುವ ಒಬ್ಬ ಹೆಂಗಸಿನ ಮುಂದೆ ಮಾತ್ರ ಪ್ರತಿಸಲವೂ ಸೋತು ಎದ್ದು ಬಂದಿದ್ದೇನೆ. ಅವಳನ್ನು ನಾವು ಅಬ್ಬಿ ಎಂದು ಕರೆಯುತ್ತೇವೆ. ನಮ್ಮ ಕಡೆ ಅಮ್ಮನಿಗೆ ಹಾಗೆನ್ನುವುದು.

ಕೆಲಸ ಇಷ್ಟೇ. ಯುದ್ಧ ಬಂದಾಗ ಶತ್ರುಗಳು ಬಂದರಿನ ಬಾಯಲ್ಲಿ, ಹಡಗು ಓಡಾಡುವ ದಾರಿಯಲ್ಲಿ, ನೀರೊಳಗೆ ಬಾಂಬು ಇಟ್ಟು ಹೋಗುತ್ತಾರೆ. ಅದಕ್ಕೆ ಮೈನು ಎನ್ನುತ್ತಾರೆ. ಕೆಲವು ಮೈನು ಹಡಗು ತಾಗಿದರೆ ಸಿಡಿಯುತ್ತವೆ. ಕೆಲವಕ್ಕೆ ತಾಗುವುದೂ ಬೇಡ, ಕಬ್ಬಿಣದ ಹಡಗು ಮೇಲೆ ಹಾದುಹೋದರೆ ಸಾಕು, ಅದರ ಅಯಸ್ಕಾಂತದ ಗುಣವನ್ನು ಮೂಸಿ ಹಿಡಿದು ಸಿಡಿಯುತ್ತವೆ. ಹಾಗಾಗಿ ದೊಡ್ಡ ಯುದ್ಧನೌಕೆ ಹೊರಡುವ ಮೊದಲು ಒಂದು ಸಣ್ಣ ಹಡಗು ಮುಂದೆ ಹೋಗಿ ದಾರಿ ಗುಡಿಸಬೇಕು. ಹಿಂದೆ ಉದ್ದದ ತಂತಿ ಬಿಟ್ಟುಕೊಂಡು ಹೋದ ದಾರಿಯಲ್ಲೇ ಬರಬೇಕು, ಬಂದ ದಾರಿಯಲ್ಲೇ ಹೋಗಬೇಕು, ಅಂಗಳ ಗುಡಿಸಿದ ಹಾಗೆ. ಆ ಹಡಗಿನ ಹಿಂಬದಿಯಲ್ಲಿ ತಂತಿ ಬಿಡುವವರಲ್ಲಿ, ಎಳೆಯುವವರಲ್ಲಿ ನಾನೊಬ್ಬ. ಯುದ್ಧವಿಲ್ಲದ ಕಾಲದಲ್ಲೂ ಗುಡಿಸುತ್ತಲೇ ಇರಬೇಕು, ಅಭ್ಯಾಸ ತಪ್ಪಬಾರದಲ್ಲ. ಹದಿನೈದು ವರ್ಷ ಗುಡಿಸಿದೆ. ಒಂದೇ ಒಂದು ಮೈನು ಸಿಗಲಿಲ್ಲ.

ಇದನ್ನು ಮೀನುಗಾರರ ಮನೆಯಲ್ಲಿ ಹೇಳಿ ನೋಡಿ, ಗೊತ್ತಾಗುತ್ತದೆ.

ಫೋನು ಮಾಡಿದಾಗೆಲ್ಲ ಅಬ್ಬಿಯ ಮೊದಲ ಪ್ರಶ್ನೆ ಒಂದೇ.

"ಇವತ್ತ್ ಎಂತ ಸಿಕ್ತ್ ಮಗಾ?"

"ಎಂತದೂ ಇಲ್ಲ ಅಬ್ಬಿ."

"ಒಂದೂ ಇಲ್ಯಾ? ಅಷ್ಟ್ ಉದ್ದ ತಂತಿ ಬಿಟ್ರೂ?"

"ಸಿಕ್ಕುಕಾಗ ಅಬ್ಬಿ. ಸಿಕ್ರೆ ಜೀವ ಹೋತ್ತ್."

"ಸಿಕ್ಕುಕಾಗ್ದೇ ಇದ್ದದ್ದನ್ನ ಹುಡ್ಕುಕೆ ಹೋಪುದ್ ಎಂತಕ್ಕಾ? ಮಂಡೆ ಸಮ ಇತ್ತಾ ನಿಮ್ಮ ಸಾಯ್ಬ್ರಿಗೆ?"

ನನಗೆ ರೇಗುತ್ತಿತ್ತು. ಫೋನು ಇಟ್ಟ ಮೇಲೆ ಅವಳು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಹುಡುಕಿದರೆ ಸಿಗುತ್ತಿರಲಿಲ್ಲ, ಅದಕ್ಕೆ ಇನ್ನಷ್ಟು ರೇಗುತ್ತಿತ್ತು.

ಹಡಗಿನೊಳಗಿನ ಸಂಗತಿ ಹೇಳಿದ್ದರೆ ಅವಳು ನನ್ನನ್ನು ವಾಪಸ್ ಕರೆಸಿಕೊಳ್ಳುತ್ತಿದ್ದಳೋ ಏನೋ. ಮೈನಿಗೆ ಕಬ್ಬಿಣದ ವಾಸನೆ ಸಿಗಬಾರದು ಎಂದು ನಮ್ಮ ಹಡಗಿನ ಮೈ ಇಡೀ ಮರದ್ದು. ಒಳಗೂ ಕಬ್ಬಿಣ ತೀರಾ ಕಡಿಮೆ ಇರಬೇಕು. ಹೊಸದಾಗಿ ಯಾವ ಸಾಮಾನು ಹಡಗು ಹತ್ತಿದರೂ ಅದರ ಹತ್ತಿರ ಒಂದು ದಿಕ್ಸೂಚಿ ಹಿಡಿದು ಮುಳ್ಳು ಅಲ್ಲಾಡುತ್ತದೋ ಎಂದು ನೋಡುವುದು ತಂತಿ ಎಳೆಯದ ದಿನಗಳಲ್ಲಿ ನನ್ನ ಕೆಲಸವಾಗಿತ್ತು. ಚಮಚ, ಬೆಲ್ಟಿನ ಕೊಕ್ಕೆ, ಉಗುರು ಕತ್ತರಿ, ಒಬ್ಬನ ಹಾರ್ಮೋನಿಯಂ. ಅಡುಗೆಯವನು ಊರಿಂದ ತಂದ ಕಬ್ಬಿಣದ ಕಾವಲಿಯನ್ನು ನಾನು ಇಳಿಸಿ ವಾಪಸ್ ಕಳಿಸಿದೆ. ಆತ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟ. ಅಲ್ಯೂಮಿನಿಯಂ ತಟ್ಟೆಯ ಮೇಲೆ ಸುಟ್ಟ ಚಪಾತಿಯಲ್ಲಿ ಅರೆಬೆಂದದ್ದನ್ನೇ ಆರಿಸಿ ನನಗೆ ಬಡಿಸುತ್ತಿದ್ದ.

ಅಬ್ಬಿ ಅಷ್ಟಕ್ಕೆ ಬಿಡಲಿಲ್ಲ. ಬೈಂದೂರಿನ ಸಂತೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಿದವರಿಗೆಲ್ಲ "ನನ್ನ ಮಗನ ಬೋಟಿಗೆ ಯಾರೋ ಕಣ್ಣ್ ಹಾಕೀರ್, ಎಂತದೂ ಬೀಳ್ತಿಲ್ಲ" ಎಂದು ಹೇಳಿ ಮರುಗಿದಳು. ಕೊಲ್ಲೂರಿಗೆ ಹೋಗಿ, ಮಗನ ಬಲೆಗೆ ಒಂದಾದರೂ ಬೀಳಲಿ ತಾಯೇ ಎಂದು ಹರಕೆ ಹೇಳಿಕೊಂಡಳು! ಒಬ್ಬ ತಾಯಿ ತನ್ನ ಮಗನಿಗೆ ಬಾಂಬು ಸಿಗಲಿ ಎಂದು ಮೂಕಾಂಬಿಕೆಯ ಎದುರು ಕೈಮುಗಿದು ನಿಂತದ್ದು ಭೂಮಿಯ ಮೇಲೆ ಅದೇ ಮೊದಲಿರಬೇಕು. ಅಲ್ಲಿಂದ ತಂದ ಲಿಂಬೆಹಣ್ಣನ್ನು ರಜೆ ಮುಗಿಸಿ ಹೊರಟ ನನ್ನ ಚೀಲಕ್ಕೆ ಹಾಕಿ, ತಂತಿಗೆ ಕಟ್ಟಲೇಬೇಕು ಎಂದು ಆಣೆ ತೆಗೆದುಕೊಂಡಳು. ನಾನು ಕಟ್ಟಿದೆ ಕೂಡ. ಏನದು ಎಂದು ಅಧಿಕಾರಿ ಕೇಳಿದಾಗ ದಿಕ್ಸೂಚಿ ಹಿಡಿದು ತೋರಿಸಿದೆ. ಮುಳ್ಳು ಅಲ್ಲಾಡಲಿಲ್ಲ, ಲಿಂಬೆಹಣ್ಣಿಗೆ ಅನುಮತಿ ಸಿಕ್ಕಿತು.

ನಿವೃತ್ತಿಯಾಗಿ ಊರಿಗೆ ಬಂದು ಕೂತ ಮೇಲೆ ನನಗೊಂದು ಹೆಸರು ಬಿತ್ತು. ಬರಿಬಲೆ. ಎದುರಿಗೆ ಯಾರೂ ಹೇಳುವುದಿಲ್ಲ, ನಾನು ಬೆನ್ನು ತಿರುಗಿಸುವವರೆಗೂ ಕಾಯುವ ಸೌಜನ್ಯ ನಮ್ಮ ಊರಿನವರಿಗಿದೆ. ಅವರ ಮಾತು ನನಗೆ ಲೆಕ್ಕಕ್ಕಿಲ್ಲ. ಆದರೆ ಹೀಗೇ ವರ್ಷಗಳು ಕಳೆದು ಅಬ್ಬಿಗೆ ಎಂಬತ್ತು ದಾಟಿತ್ತು. ಅವಳು ಮಗನನ್ನು ನೋಡುವಾಗ ಕಣ್ಣಲ್ಲಿ ಒಂದು ಪಾಪ ಎನ್ನುವ ಭಾವ ಇರುತ್ತಿತ್ತು, ದಿನವಿಡೀ ಕಡಲಲ್ಲಿದ್ದು ಬರಿಗೈಯಲ್ಲಿ ಬಂದವನನ್ನು ನೋಡುವ ಹಾಗೆ. ತನ್ನ ಮಗನೂ ಒಂದು ಕೆಲಸ ಮಾಡಿದವನು ಎಂದು ಅವಳಿಗೆ ಒಮ್ಮೆ, ಒಂದೇ ಒಮ್ಮೆ ಅನ್ನಿಸಬೇಕಿತ್ತು. ಅದಾಗದೆ ಅವಳು ಹೋಗಿಬಿಟ್ಟರೆ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಈ ವಯಸ್ಸಿನಲ್ಲಿ ಇಂಥದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಇದ್ದದ್ದು ಹೌದು.

ಮಳೆಗಾಲ ಮುಗಿದು ಕಡಲು ಒಂದು ಹದಕ್ಕೆ ಬಂದ ದಿನಗಳು. ಬೆಳಿಗ್ಗೆ ಕಾಫಿ ಕುಡಿಯುತ್ತಿದ್ದೆ. ತಂಗಿಯ ಗಂಡನ ಫೋನು ಬಂತು. ದೋಣಿ, ಬಲೆ ಇಟ್ಟುಕೊಂಡು ಕಡಲಿಗೆ ಹೋಗುವವನು ಅವನು.

"ಹ್ವಾಯ್ ಭಾವ, ಬೇಗ ದಂಡಿಗ್ ಬನಿ. ನಿಮ್ಮ ಮೀನ್ ಸಿಕ್ಕಿತ್!"

"ಯಾವ ಮೀನಾ?"

"ನೀವ್ ಹದ್ನೈದ್ ವರ್ಷ ಹುಡ್ಕಿದ್ರಿ ಅಲ್ದಾ, ಅದ್. ಗುಂಡಗಿತ್ತ್, ಮೈಮೇಲ್ ಗುಬುಟ್ ಗುಬುಟ್ ಇತ್ತ್."

ಕಾಫಿ ಅಲ್ಲೇ ಬಿಟ್ಟು ಓಡಿದೆ. ಓಡುತ್ತ ಫೋನಿನಲ್ಲೇ ಅವನಿಗೆ ಕೂಗಿ ಹೇಳಿದೆ, ಅದನ್ನು ಕಡಲಲ್ಲೇ ಬಿಡಿ, ದೂರ ಹೋಗಿ ಅಂತ. ಅವನು ತಣ್ಣಗೆ, "ಬಿಡುದ್ ಹ್ಯಾಂಗೆ? ಬಲಿ ಹರ್ದಿತ್ತಲೆ" ಎಂದ. ಆಗ ನೆನಪಾಯಿತು. ನಮ್ಮಲ್ಲೊಂದು ಕಟ್ಟುಪಾಡಿದೆ. ಬಲೆ ಹರಿದ ವಸ್ತು ಯಾವುದೇ ಇರಲಿ, ಮುರಿದ ಲಂಗರು, ಮರದ ದಿಮ್ಮಿ, ಹಾಳು ಮೂಳು, ಅದನ್ನು ವಾಪಸ್ ಕಡಲಿಗೆ ಹಾಕುವಂತಿಲ್ಲ. ನಾಳೆ ಇನ್ನೊಬ್ಬನ ಬಲೆ ಹರಿಯುತ್ತದೆ. ದಡಕ್ಕೆ ತಂದು ಹಾಕಬೇಕು. ಬಹಳ ಒಳ್ಳೆಯ ಪದ್ಧತಿ, ನಾನೂ ಎಷ್ಟೋ ಸಲ ಹೊಗಳಿದ್ದೇನೆ. ಅದನ್ನು ಮಾಡಿದ ಹಿರಿಯರು ಬಾಂಬನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ನಾನು ಹೋಗುವಷ್ಟರಲ್ಲಿ ಅದು ದಂಡೆಯಲ್ಲಿತ್ತು. ಅರ್ಧ ಮುಳುಗಿ ತೇಲುತ್ತಿದ್ದದ್ದಕ್ಕೆ ಹಗ್ಗ ಕಟ್ಟಿ ದೋಣಿಯಲ್ಲಿ ಎಳೆದು ತಂದು, ಇಪ್ಪತ್ತು ಜನ ಸೇರಿ ಹೈಸಾ ಎಂದು ಉರುಳಿಸಿ, ಮೀನು ಮಾರುವ ಜಾಗದ ಹತ್ತಿರವೇ ನಿಲ್ಲಿಸಿದ್ದರು. ಮಲಗಿದ ಎಮ್ಮೆಯಷ್ಟು ದೊಡ್ಡದು. ಮೈ ತುಂಬ ಕಡಲ ಚಿಪ್ಪು, ಪಾಚಿ. ಅಲ್ಲಲ್ಲಿ ಕೊಂಬಿನ ಹಾಗೆ ಕಬ್ಬಿಣದ ಮೋಟು. ಒಂದು ಮೋಟಿನ ಮೇಲೆ ಯಾರೋ ಒದ್ದೆ ಬೈರಾಸು ಒಣಗಲು ಹಾಕಿದ್ದರು. ಇನ್ನೊಂದಕ್ಕೆ ಬಲೆಯ ತುದಿ ಕಟ್ಟಿ ಇಬ್ಬರು ಕೂತು ಹರಿದದ್ದನ್ನು ಹೆಣೆಯುತ್ತಿದ್ದರು. ಮತ್ತೊಬ್ಬ ಒಳಗೆ ಪೊಳ್ಳೋ ಗಟ್ಟಿಯೋ ಎಂದು ನೋಡಲು ದೋಣಿಯ ಹುಟ್ಟಿನಿಂದ ಬಡಿಯುತ್ತಿದ್ದ.

"ಪೊಳ್ಳ್ ಇತ್ತ್ ಮಾರಾಯ್ರೆ," ಎಂದು ನನಗೆ ಸಮಾಧಾನ ಹೇಳಿದ.

ಹದಿನೈದು ವರ್ಷದಲ್ಲಿ ಕಲಿತದ್ದೆಲ್ಲ ಒಂದೇ ಸಲ ಗಂಟಲಿಗೆ ನುಗ್ಗಿ, "ಕಬ್ಬಿಣ! ಮೈಮೇಲೆ ಇದ್ದ ಕಬ್ಬಿಣ ಎಲ್ಲ ತೆಗೆದು ಅಲ್ಲಿಡಿ!" ಎಂದು ಕಿರುಚಿದೆ. ಕೈ ಯಾವ ಕಡೆ ತೋರಿಸಿತೋ ನನಗೇ ತಿಳಿಯದು.

ನಮ್ಮ ಜನ ಬೇರೆ ದಿನ ಒಂದು ಮಾತು ಕೇಳುವವರಲ್ಲ. ಆ ದಿನ ಏನಾಯಿತೋ, ಎಂಥ ಶಿಸ್ತು! ಚೂರಿ, ಕತ್ತಿ, ಮೆಟ್ಟುಕತ್ತಿ, ಬೀಗದ ಕೈ, ಕೊಡೆ, ಮೊಬೈಲು, ದೋಣಿಯ ಸರಪಳಿ, ಲಂಗರು, ಒಬ್ಬನ ಸೈಕಲ್ಲು. ಹೆಂಗಸರು ತಲೆಯ ಪಿನ್ನು ಸಹ ಬಿಡಲಿಲ್ಲ. ಎರಡು ನಿಮಿಷದಲ್ಲಿ ಎಲ್ಲವನ್ನೂ ತಂದು ಚೊಕ್ಕವಾಗಿ ಒಂದು ರಾಶಿ ಮಾಡಿದರು. ಮೈನಿಗೆ ಒರಗಿಸಿ.

"ಇಲ್ಲಿ ಎಂತಕ್ ಹಾಕಿದ್ರಿ?" ಎಂದು ನಾನು ತಲೆ ಚಚ್ಚಿಕೊಂಡೆ.

"ನೀವೇ ಅಲ್ದಾ ಕೈ ತೋರ್ಸಿದ್ದ್? ಕಬ್ಬಿಣ ಎಲ್ಲ ಒಂದ್ ಬದಿಗ್ ಇರ್ಲಿ ಅಂದೇಳಿ ಹಾಕಿತ್," ಎಂದ ತಂಗಿಯ ಗಂಡ.

ಇಂಥ ಬಾಂಬಿಗೆ ತಾಗುವುದೇ ಬೇಡ, ಹತ್ತಿರ ಕಬ್ಬಿಣ ಬಂದರೆ ಸಾಕು ಸಿಡಿಯುತ್ತದೆ ಎಂದೆ. ಜನರು ಬಾಂಬನ್ನು ನೋಡಿದರು. ರಾಶಿಯನ್ನು ನೋಡಿದರು. ಆಮೇಲೆ ಮರಳಿನ ಮೇಲೆ ಒಬ್ಬರೂ ಇರಲಿಲ್ಲ. ಇಡೀ ದಂಡೆ ತೆಂಗಿನ ಮರಗಳ ಹಿಂದೆ ಹೊಕ್ಕಿತ್ತು. ಒಂದೊಂದು ಮರದ ಹಿಂದೆ ಐದಾರು ಜನ ಸಾಲಾಗಿ ಒಬ್ಬರ ಸೊಂಟ ಒಬ್ಬರು ಹಿಡಿದು ನಿಂತಿದ್ದರು, ತೆಂಗಿನ ಮರದ ದಪ್ಪ ಎಷ್ಟು ಎಂದು ಎಲ್ಲರೂ ಮರೆತವರಂತೆ.

ಆಗ ಕಂಡಿತು. ಬಯಲಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಅಬ್ಬಿ ಒಬ್ಬಳೇ ಕೂತಿದ್ದಾಳೆ, ಬಾಂಬಿನಿಂದ ಮೂವತ್ತು ಮಾರು ದೂರದಲ್ಲಿ. ಎರಡು ವರ್ಷದ ಹಿಂದೆ ಜಾರಿ ಬಿದ್ದು ತೊಡೆ ಮುರಿದಿತ್ತು, ಬ್ರಹ್ಮಾವರದಲ್ಲಿ ಆಪರೇಷನ್ ಮಾಡಿ ಒಳಗೆ ರಾಡು ಹಾಕಿದ್ದರು. ಅಂದಿನಿಂದ ನೆಲದಿಂದ ಏಳಲು ಅವಳಿಗೆ ಆಸರೆ ಬೇಕು.

"ಅಬ್ಬಿ, ಏಳ್!"

"ನಂಗ್ ಏಳುಕೆ ಇಬ್ರ್ ಬೇಕ್. ಆ ಇಬ್ರೂ ಓಡೀರ್," ಎಂದಳು. "ಮತ್ತೆ ನನ್ನ ಕಾಲೊಳ್ಗಿನ ಕಬ್ಬಿಣ ತೆಗ್ದ್ ಎಲ್ಲಿಡುದ್? ಅದನ್ನೂ ಹೇಳ್."

ಅವಳನ್ನು ಎಬ್ಬಿಸುವುದೋ, ಮೊದಲು ಆ ರಾಶಿಯನ್ನು ಬಾಂಬಿನಿಂದ ದೂರ ಮಾಡುವುದೋ? ಒಬ್ಬನೇ ಎಬ್ಬಿಸಿ ನಡೆಸಿಕೊಂಡು ಹೋಗಲು ಅರ್ಧ ಗಂಟೆ ಬೇಕು, ಅದು ಸಿಡಿಯುವುದಿದ್ದರೆ ಅಷ್ಟು ಹೊತ್ತು ಕಾಯುತ್ತದೆಯೇ. ಪ್ಯಾಂಟಿನ ಬೆಲ್ಟು ಬಿಚ್ಚಿದೆ, ಕೊಕ್ಕೆ ಕಬ್ಬಿಣದ್ದು. ಚಪ್ಪಲಿಯಲ್ಲಿ ಮೊಳೆ ಇತ್ತು, ಅದನ್ನೂ ಬಿಟ್ಟೆ. ಕನ್ನಡಕವನ್ನು ಅಬ್ಬಿಯ ಕೈಗೆ ಕೊಟ್ಟೆ. ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಬರಿಗಾಲಲ್ಲಿ ಅದರ ಕಡೆ ನಡೆದೆ. ಅಷ್ಟು ವರ್ಷ ನೌಕಾಪಡೆಯಲ್ಲಿ ಇದ್ದವನು ನಾನು, ಅಷ್ಟು ಹೆದರಿಕೆ ಎಂದೂ ಆದದ್ದಿಲ್ಲ. ಮೂವತ್ತು ಮಾರು ಮುಗಿಯಲೇ ಇಲ್ಲ. ಮುಕ್ಕಾಲು ದಾರಿಯಲ್ಲಿ ಯಾಕೋ ಆ ಅಡುಗೆಯವನ ಕಾವಲಿ ನೆನಪಾಗಿ, ಪಾಪ ಅವನಿಗೆ ಹಾಗೆ ಮಾಡಬಾರದಿತ್ತು ಎನ್ನಿಸಿತು.

ಹತ್ತಿರ ಹೋಗಿ ಮೊದಲು ರಾಶಿಯ ಮೇಲಿದ್ದ ಸೈಕಲ್ಲನ್ನು ಮೆಲ್ಲನೆ ಎತ್ತಿ ಆಚೆ ಇಟ್ಟೆ. ಸರಪಳಿ ಎಳೆದೆ. ಅದು ಸಿಡಿಯಲಿಲ್ಲ. ಬಗ್ಗಿ ಕಡಲ ಕಡೆಯ ಮಗ್ಗುಲನ್ನು ನೋಡಿದೆ. ಚಿಪ್ಪುಗಳ ನಡುವೆ ಕೆಂಪು ಬಣ್ಣ. ಉಗುರಿಂದ ಕೆರೆದೆ. ದೊಡ್ಡದಾಗಿ ಬರೆದ ಒಂದು ನಂಬರು. ಮೇಲ್ಗಡೆ ದೀಪ ಕೂರಿಸುವ ಚೌಕಟ್ಟು ಮುರಿದು ಉಳಿದ ಬುಡ. ಕೊಂಬು ಎಂದುಕೊಂಡದ್ದೆಲ್ಲ ಸುತ್ತಲಿನ ಕಂಬಿ ತುಂಡಾಗಿ ಉಳಿದ ಮೋಟುಗಳು. ಕೆಳಗೆ ಸರಪಳಿ ಹಾಕುವ ಬಳೆ.

ಅದು ಬೋಯೆ. ಹಡಗುಗಳಿಗೆ ಬಂದರಿನ ದಾರಿ ತೋರಿಸಲು ಕಡಲಲ್ಲಿ ತೇಲಿಬಿಡುತ್ತಾರಲ್ಲ, ದೀಪದ ಡಬ್ಬಿ, ಅದು. ಎಲ್ಲೋ ಸರಪಳಿ ಕಡಿದು, ವರ್ಷಗಟ್ಟಲೆ ಅಲೆದು, ಗುರುತು ಸಿಗದಷ್ಟು ಕೆಟ್ಟು ಇಲ್ಲಿಗೆ ಬಂದಿತ್ತು.

ಥೂ ಎನ್ನಿಸಿತು. ದೇವರಾಣೆಗೂ ಮೊದಲು ಬಂದದ್ದು ಬೇಸರ. ನೆಮ್ಮದಿ ಆಮೇಲೆ ಬಂತು. ಎದ್ದು ನಿಂತು, ಬನ್ನಿ ಬನ್ನಿ, ಬರೀ ಡಬ್ಬಿ ಎಂದು ಕೂಗಲು ತಿರುಗಿದೆ. ಅಬ್ಬಿ ನನ್ನನ್ನೇ ನೋಡುತ್ತಿದ್ದಳು. ಹಣೆಗೆ ಕೈ ಅಡ್ಡ ಹಿಡಿದು, ಬಾಯಿ ತುಸು ತೆರೆದು. ನನ್ನ ಐವತ್ತೆಂಟು ವರ್ಷದಲ್ಲಿ ಅವಳು ಹಾಗೆ ನನ್ನನ್ನು ನೋಡಿದ್ದಿಲ್ಲ. ಕನ್ನಡಕ ಇಲ್ಲದೆಯೂ ನನಗದು ಕಂಡಿತು.

ನಾನು ಕೈ ಎತ್ತಿ, "ಇನ್ನೂ ಹಿಂದೆ ಹೋಗಿ! ಯಾರೂ ಬರಬೇಡಿ!" ಎಂದೆ.

ಮಾಡಬಾರದಿತ್ತು. ಗೊತ್ತು.

ಅಬ್ಬಿಯ ಹತ್ತಿರ ಹೋಗಿ, ಈಗ ಎಬ್ಬಿಸುತ್ತೇನೆ ಬಾ ಎಂದೆ. ಅವಳು ಕನ್ನಡಕವನ್ನು ಸೆರಗಿನಿಂದ ಒರೆಸಿ ಕೊಟ್ಟಳು. "ನಾ ಇಲ್ಲೇ ಕೂಕಂತೆ. ನೀ ಕೆಲ್ಸ ಮಾಡುದ್ ನಂಗ್ ಕಾಣ್ಕ್," ಎಂದಳು. ಇದನ್ನು ಕೇಳಿದ ಮೇಲೆ ನಿಜ ಹೇಳುವ ಶಕ್ತಿ ನನ್ನಲ್ಲಿ ಉಳಿಯಲಿಲ್ಲ. ಅಪಾಯವಿಲ್ಲ ಎಂದು ನನಗೆ ಗೊತ್ತಿದ್ದರಿಂದ ಕೂತಿರಲಿ ಎಂದು ಬಿಟ್ಟೆ. ಮರದ ಹಿಂದಿನವರು ತಾಯಿ ಮಗ ಇಬ್ಬರ ಧೈರ್ಯವನ್ನೂ ಬಾಯಿಗೆ ಕೈ ಇಟ್ಟು ನೋಡಿದರು.

ಅಷ್ಟರಲ್ಲಿ ಯಾರೋ ಫೋನು ಮಾಡಿ ಪೊಲೀಸರೊಬ್ಬರು ಬೈಕಿನಲ್ಲಿ ಬಂದರು. ಅವರು ವರದಿಯ ಪುಸ್ತಕ ತೆಗೆದು ಮರದ ಹಿಂದಿನಿಂದಲೇ ಕೂಗಿ ಕೇಳಿದರು, "ಸರ್, ವಸ್ತುವಿನ ಮಾಲೀಕರು ಯಾರು?"

"ಶತ್ರುದೇಶ ಅಂತ ಬರೀರಿ," ಎಂದೆ. ಒಮ್ಮೆ ಶುರು ಮಾಡಿದ ಮೇಲೆ ನಾಲಿಗೆಗೆ ಲಗಾಮಿಲ್ಲ ನೋಡಿ.

"ವಿಳಾಸ?"

ಪೊಲೀಸರು ಮೇಲಿನವರಿಗೆ ತಿಳಿಸಿದರು, ಮೇಲಿನವರು ನೌಕಾನೆಲೆಗೆ ತಿಳಿಸಿದರು. ಬಾಂಬು ಬಿಚ್ಚುವ ತಂಡ ಬರಲು ನಾಲ್ಕೈದು ತಾಸು ಬೇಕು ಎಂದಾಯಿತು. ಅಲ್ಲಿಯವರೆಗೆ ದಂಡೆಗೆ ಯಾವ ದೋಣಿಯೂ ಬರುವಂತಿಲ್ಲ. ಕಾವಲಿಗೆ ನಾನು.

ಆಗ ರಾಶಿ ಹಾಡತೊಡಗಿತು. ಊರಿನವರ ಮೊಬೈಲುಗಳೆಲ್ಲ ಅದರಲ್ಲೇ ಇದ್ದವಲ್ಲ. ಒಂದರಲ್ಲಿ ಭಜನೆ, ಇನ್ನೊಂದರಲ್ಲಿ ಚೆಂಡೆ, ಮತ್ತೊಂದರಲ್ಲಿ ಮಗುವಿನ ನಗು. ಬಾಂಬೇ ಬಾರಿಸುತ್ತಿದೆ ಎಂದು ಹೆದರಿ ಹಿಂದಿನ ಸಾಲಿನವರು ಇನ್ನೂ ಹಿಂದಕ್ಕೆ ಓಡಿದರು. ಹತ್ತಿರ ಬರಲು ನನಗೊಬ್ಬನಿಗೇ ಅಧಿಕಾರ ಇದ್ದದ್ದರಿಂದ ಎಲ್ಲರ ಫೋನೂ ನಾನೇ ಎತ್ತಬೇಕಾಯಿತು. ಮುಂಬಯಿಯಿಂದ ಒಬ್ಬಳು, ಗಂಡ ತಿಂಡಿ ತಿಂದಿದ್ದಾರಾ ಎಂದು ಕೇಳಿದಳು. ಇನ್ನೊಬ್ಬರ ಮಗಳು ಕುಂದಾಪುರದಿಂದ ಮಾಡಿದಳು.

"ಹ್ವಾಯ್, ಬಿಪಿ ಮಾತ್ರೆ ತಿಂದ್ರಿಯಾ ಅಂದ್ ಕೇಣ್ತಾ ಇತ್ತ್ ನಿಮ್ಮ ಮಗ್ಳ್!" ಎಂದು ನಾನು ತೆಂಗಿನ ಮರಕ್ಕೆ ಕೂಗಿದೆ.

"ತಿಂದೆ ಅಂದ್ ಹೇಳಿ! ಬಾಂಬಿನ ಸುದ್ದಿ ಹೇಳ್ಬೇಡಿ, ಹೆದ್ರ್ಕಂತ್ತ್!"

"ತಿಂದಿದ್ದಾರಂತೆ ಮಗಾ. ಎಲ್ಲ ಆರಾಮ."

ಹೀಗೆ ಬಿಸಿಲೇರುವವರೆಗೆ ಬಾಂಬಲ್ಲದ ಬಾಂಬಿನ ಪಕ್ಕದಲ್ಲಿ ಕೂತು ಊರಿನ ಸಂಸಾರಗಳನ್ನು ವಿಚಾರಿಸಿಕೊಂಡೆ. ನಡುನಡುವೆ ಎದ್ದು ಡಬ್ಬಿಗೆ ಕಿವಿ ಇಟ್ಟು ಕೇಳುವುದು, ಸುತ್ತ ಒಂದು ಸುತ್ತು ಹಾಕುವುದು, ಗಂಭೀರವಾಗಿ ತಲೆ ಅಲ್ಲಾಡಿಸುವುದು. ಅಬ್ಬಿ ತಲೆಗೆ ಸೆರಗು ಹೊದ್ದು ಎಲ್ಲವನ್ನೂ ಒಂದು ಚೂರು ಬಿಡದೆ ನೋಡುತ್ತಿದ್ದಳು. ನನಗೆ ಸುಖವಾಗುತ್ತಿತ್ತು, ಅಷ್ಟೇ ಹೇಸಿಗೆಯೂ ಆಗುತ್ತಿತ್ತು. ಆಚೆ ತೆರೆ ಒಡೆಯುವ ಜಾಗದಿಂದ ಹೊರಗೆ ಬೆಳಗಿನ ದೋಣಿಗಳು ಬಂದು ಸಾಲಾಗಿ ನಿಂತಿದ್ದವು. ಅವುಗಳಲ್ಲಿ ಬಂಗ್ಡೆ ಇತ್ತು, ಹಸಿದ ಜನ ಇದ್ದರು. ಬಾಂಬು ಇದೆ ಎಂದು ಫೋನಿನಲ್ಲಿ ಅವರಿಗೆ ಹೇಳಿದವನೂ ನಾನೇ.

ಮಧ್ಯಾಹ್ನದ ಹೊತ್ತಿಗೆ ಚೆಂಡೆಯ ಫೋನು ಮತ್ತೆ ಬಡಿಯಿತು. ದೋಣಿಯಿಂದ. ಹಿಂದೆ ಯಾರೋ ಅರಚುತ್ತಿದ್ದರು.

"ಯಾರ್, ನೇವಿಯವ್ರಾ? ಕಾಣಿ, ಇಲ್ಲಿ ಒಬ್ರಿಗೆ ತೊರಕೆ ಮೀನ್ ಬಾಲದ್ ಮುಳ್ಳ್ ಹೊಡ್ದಿತ್. ಕಾಲ್ ಊದ್ತಾ ಇತ್ತ್, ತಡ್ಕಂಬುಕೇ ಆತಿಲ್ಲ ಅಂಬ್ರ್. ದಡಕ್ಕೆ ಬಪ್ಪುಕಾತ್ತಾ? ಇಲ್ದಿದ್ರೆ ಗಂಗೊಳ್ಳಿಗೆ ಹೋಯ್ಕ್, ಒಂದ್ ತಾಸ್ ಬೇಕ್. ಬಾಂಬ್ ಹ್ಯಾಂಗಿತ್ತ್?"

ನಾನು ಅಬ್ಬಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡುತ್ತಿದ್ದಳು. ಫೋನಿನಲ್ಲಿ ಆ ಮನುಷ್ಯ ಮತ್ತೆ ಕಿರುಚಿದ.

"ಬನ್ನಿ," ಎಂದೆ. ಗಾಳಿಗೆ ಅವರಿಗೆ ಕೇಳಲಿಲ್ಲ. ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದೆ, "ಬನ್ನಿ! ಬಾಂಬೂ ಇಲ್ಲ, ಎಂತದೂ ಇಲ್ಲ! ಬರೀ ಬೋಯೆ ಇದು! ಬೇಗ ಬನ್ನಿ!"

ಫೋನಿಗೆ ಕೂಗಿದ್ದು ಇಡೀ ದಂಡೆಗೆ ಕೇಳಿಸಿತು. ತೆಂಗಿನ ಮರದ ಹಿಂದಿನಿಂದ ಒಬ್ಬೊಬ್ಬರಾಗಿ ಹೊರಬಂದರು. ತಂಗಿಯ ಗಂಡ ಹತ್ತಿರ ಬಂದು ನಂಬರು, ಕೆಂಪು ಬಣ್ಣ ಎಲ್ಲ ನೋಡಿದ.

"ನಿಮ್ಗೆ ಯಾವಾಗ ಗೊತ್ತಾಯ್ತ್ ಭಾವ?"

"ಬೆಳಿಗ್ಗೆಯೇ," ಎಂದೆ. ಇನ್ನೊಂದು ಸುಳ್ಳು ಹೇಳುವ ತ್ರಾಣ ಇರಲಿಲ್ಲ.

ಮೊದಲು ಯಾರೋ ಒಬ್ಬ ಕಿಸಕ್ಕೆಂದ. ಆಮೇಲೆ ಎಲ್ಲರೂ. ಹೊಟ್ಟೆ ಹಿಡಿದು, ಮರಳಿನ ಮೇಲೆ ಕೂತು ನಕ್ಕರು. ಬರಿಬಲೆ ಎಂಬ ಹೆಸರನ್ನು ಮೊದಲ ಸಲ ನನ್ನ ಮುಖದ ಎದುರೇ ಹೇಳಿದರು. ಪೊಲೀಸರು ಪುಸ್ತಕದಲ್ಲಿ ಶತ್ರುದೇಶವನ್ನು ಹೊಡೆದುಹಾಕುತ್ತಿದ್ದರು. ನಾನು ತಲೆ ತಗ್ಗಿಸಿ ನಿಂತಿದ್ದೆ. ಅಬ್ಬಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಎಲ್ಲ ಮುಗಿಯಿತು, ಇನ್ನು ಸಾಯುವವರೆಗೂ ಅವಳ ಕಣ್ಣಿಗೆ ನಾನು ಇಷ್ಟೇ ಎಂದುಕೊಂಡೆ.

"ಎಂತಕ್ಕಾ ನೆಗಾಡುದ್?"

ಅಬ್ಬಿಯ ದನಿ. ಸಂತೆಯಲ್ಲಿ ಅರವತ್ತು ವರ್ಷ ಮೀನು ಕೂಗಿ ಮಾರಿದ ಗಂಟಲು ಅದು. ನಗು ಅಲ್ಲಲ್ಲೇ ನಿಂತಿತು.

"ಡಬ್ಬಿ ಅಂದ್ ಈಗ ಗೊತ್ತಾಯ್ತ್. ಬೆಳಿಗ್ಗೆ ಗೊತ್ತಿತ್ತಾ ನಿಮ್ಗೆ? ಗಂಡಸ್ರ್ ಅಂಬವ್ರ್ ಎಲ್ಲ ತೆಂಗಿನ್ ಮರದ್ ಹಿಂದೆ ಹೊಕ್ಕಂಡ್ರಿ. ನನ್ನನ್ ಎಬ್ಸುಕೆ ಒಬ್ರಿಲ್ಲ. ಇವ ಬಾಂಬ್ ಅಂದೇಳಿಯೇ ಹೋದ್ದ್. ಕಾಲ್ ಗಡಗಡ ನಡ್ಗ್ತಿತ್ತ್. ನಾ ಕಂಡಿದೆ. ಆದ್ರೂ ಹೋದ." ಉಸಿರು ತೆಗೆದುಕೊಂಡಳು. "ಮತ್ತೆ ಸುಳ್ಳ್ ಹೇಳಿ ದೋಣಿ ನಿಲ್ಸಿದ್ದಕ್ಕೆ ಮನಿಗ್ ಹೋಯಿ ನಾ ಕೊಡ್ತೆ ಅವ್ನಿಗೆ. ಅದ್ ನನ್ ಲೆಕ್ಕ. ನೀವ್ ನೆಗಾಡ್ಬೇಡಿ."

ಕಾಲು ನಡುಗಿದ್ದು ಯಾರಿಗೂ ಕಂಡಿಲ್ಲ ಎಂದುಕೊಂಡಿದ್ದೆ ನಾನು.

ದೋಣಿ ಬಂತು. ತೊರಕೆ ಹೊಡೆದವನನ್ನು ನಾಲ್ಕು ಜನ ಎತ್ತಿ ಇಳಿಸಿದರು. ಪಕ್ಕದ ಮನೆಯಿಂದ ಬಿಸಿನೀರು ತರಿಸಿ ಕಾಲು ಮುಳುಗಿಸಿದ ಮೇಲೆ ಅವನ ಕೂಗು ಕಡಿಮೆಯಾಯಿತು, ರಿಕ್ಷಾದಲ್ಲಿ ಕುಂದಾಪುರಕ್ಕೆ ಕಳಿಸಿದೆವು. ನಾನು ಅವನ ಕೈ ಹಿಡಿದು ತಪ್ಪಾಯಿತು ಎಂದೆ. ನೋವಿನಲ್ಲಿ ಅವನಿಗೆ ಏನೂ ಅರ್ಥವಾದ ಹಾಗಿರಲಿಲ್ಲ. ಉಳಿದ ದೋಣಿಗಳೂ ಬಂದವು. ಜನ ರಾಶಿಯಲ್ಲಿ ತಮ್ಮ ತಮ್ಮ ಕತ್ತಿ, ಕೊಡೆ ಹುಡುಕಿಕೊಂಡು ಜಗಳವಾಡುತ್ತ ಕೆಲಸಕ್ಕೆ ಹತ್ತಿದರು.

ಬೇಡ ಎಂದು ಹೇಳಿ ಕಳಿಸಿದರೂ ನೌಕಾನೆಲೆಯ ತಂಡ ಬಂದೇ ಬಂತು, ಹೊರಟಾಗಿದೆ, ನೋಡದೆ ವಾಪಸ್ ಹೋಗುವ ನಿಯಮವಿಲ್ಲ ಎಂದು. ಅದರ ಅಧಿಕಾರಿ ನನಗೆ ಮಗನಾಗುವ ವಯಸ್ಸಿನ ಹುಡುಗ, ಉತ್ತರದ ಕಡೆಯವನು, ಕನ್ನಡ ಬಾರದು. ಬೋಯೆಯನ್ನು ತಟ್ಟಿ ನೋಡಿ ನಕ್ಕ. ನಾನು ಯಾವ ಹಡಗಿನಲ್ಲಿದ್ದೆ ಎಂದು ಕೇಳಿದ. ಹೇಳಿದೆ. ಆ ಹಡಗು ಈಗಿಲ್ಲ, ಸೇವೆಯಿಂದ ತೆಗೆದು ಒಡೆದು ಹಾಕಿದ್ದಾರೆ ಎಂದ. ನನಗದು ಗೊತ್ತಿರಲಿಲ್ಲ.

"ಎಂತ ಹೇಳ್ರ್ ಅವ್ರ್?" ಅಬ್ಬಿ ಕೇಳಿದಳು. ಇಬ್ಬರು ಹೆಂಗಸರು ಅವಳನ್ನು ಎಬ್ಬಿಸಿ ಒಂದು ಕುರ್ಚಿಯಲ್ಲಿ ಕೂರಿಸಿದ್ದರು.

"ನಾನಿದ್ದ ಹಡಗನ್ನ ಒಡ್ದ್ ಹಾಕೀರಂಬ್ರ್ ಅಬ್ಬಿ."

ಮೀನುಗಾರರ ಮನೆಯಲ್ಲಿ ದೋಣಿ ಒಡೆದ ಸುದ್ದಿ ಬಂದಾಗ ಕೇಳುವ ಪ್ರಶ್ನೆ ಒಂದೇ. ಅದನ್ನೇ ಕೇಳಿದಳು.

"ಅದ್ರಲ್ ಇದ್ದವ್ರೆಲ್ಲ ಮನಿಗ್ ಬಂದೀರಾ?"

"ಬಂದೀರ್ ಅಬ್ಬಿ. ಎಲ್ಲ."

"ಮತ್ತೆ ನೀವ್ ಮುಂದ್ ಹೋಯಿ ದಾರಿ ಮಾಡಿ ಕೊಟ್ರಲೆ, ಆ ದೊಡ್ಡ ಹಡ್ಗಿನವ್ರ್?"

"ಅವ್ರೂ ಬಂದೀರ್. ಹದ್ನೈದ್ ವರ್ಷದಲ್ಲಿ ಒಬ್ರೂ ತಪ್ಪಲಿಲ್ಲ."

ಅಬ್ಬಿ ಅಧಿಕಾರಿಯ ಕಡೆ ಕೈ ತೋರಿಸಿದಳು. "ಹಂಗಾರೆ ನನ್ನ ಮಗ ಒಳ್ಳೆ ಕೆಲ್ಸ ಮಾಡಿದ್ದ ಅಂದ್ ಹೇಳ್ ಅವ್ರಿಗೆ."

ಅದನ್ನು ನಾನೇ ಹಿಂದಿಗೆ ಮಾಡಿ ಹೇಳಬೇಕಿತ್ತು. ಆ ಹುಡುಗ ಏನಂತೆ ಎನ್ನುವ ಹಾಗೆ ನನ್ನ ಮುಖ ನೋಡಿದ. ಊರಿನವರೆಲ್ಲ ನಿಂತು ನೋಡುತ್ತಿದ್ದರು.

"ಹೇಳಾ," ಎಂದು ಗದರಿದಳು.

ಹೇಳಿದೆ. ನನ್ನ ತಾಯಿ ಹೇಳುತ್ತಿದ್ದಾಳೆ, ಅವಳ ಮಗ ಒಳ್ಳೆಯ ಕೆಲಸ ಮಾಡಿದ್ದಾನಂತೆ ಎಂದೆ. ಆ ಹುಡುಗ ನಗಲಿಲ್ಲ. ಕೈಯಲ್ಲಿದ್ದ ಹಾಳೆಯನ್ನು ನೋಡಿ, ಇದನ್ನೂ ವರದಿಯಲ್ಲಿ ಬರೆಯಲೇ ಎಂದು ಕೇಳಿದ.

"ಬರ್ಕಣಿ ಅಂದ್ ಹೇಳ್," ಎಂದಳು ಅಬ್ಬಿ, ನಾನು ಕನ್ನಡಕ್ಕೆ ಮಾಡಿ ಹೇಳುವ ಮೊದಲೇ.

ಅವನು ಬರೆದನೋ ಇಲ್ಲವೋ ನಾನು ನೋಡಲಿಲ್ಲ. ಕಡಲ ಕಡೆ ಮುಖ ಮಾಡಿ ನಿಂತು ಅಳುತ್ತಿದ್ದೆ.